ಬೆನ್ನು ಮಾಡಿ ಕೂತ ಹೊತ್ತು

"ಯಜಮಾನ್ರೇ, ನೀವು ಒಸಿ ಆ ಕಡೆ ತಿರುಗಿ ಕುಂತ್ಕಳಿ," ಎಂದಳು ಹಟ್ಟಿಯಿಂದ ಬಂದಿದ್ದ ಕಾಳಕ್ಕ.

ಅಂಗಳದಲ್ಲಿ ಗುಜುಗುಜು ಎನ್ನುತ್ತಿದ್ದ ಜನ ಥಟ್ಟನೆ ಅವಳತ್ತ ತಿರುಗಿದರು. ಶಂಭುಲಿಂಗಯ್ಯನಿಗೆ ತನಗೆ ಕೇಳಿಸಿದ್ದು ಸರಿಯೇ ಎಂದು ಅನುಮಾನವಾಯಿತು. ಈ ಅಂಗಳ ಅವನದು, ಬೆನ್ನ ಹಿಂದಿನ ಕೊಬ್ಬರಿ ಮಂಡಿ ಅವನದು, ಕೂತ ಬೆತ್ತದ ಕುರ್ಚಿಯೂ ಅವನದೇ. ಚಿಕ್ಕನಾಯಕನಹಳ್ಳಿಯಲ್ಲಿ ಅವನಿಗೆ ಹೀಗೆ ಹೇಳಿದವರು ಇದುವರೆಗೆ ಯಾರೂ ಇರಲಿಲ್ಲ.

"ಯಾಕಮ್ಮಾ?"

"ನೀವು ನೋಡ್ತಾ ಇದ್ರೆ ನಮ್ಗೆ ಕಾಲೇ ಏಳಾಕಿಲ್ಲ ಕಣ್ ಸ್ವಾಮಿ."

ಮಾತು ನಿಜ. ಅಂಗಳದಲ್ಲಿ ಎರಡು ತೆಂಗಿನ ಮರ. ಒಂದರ ಕೆಳಗೆ ಶಂಭುಲಿಂಗಯ್ಯನ ಅಣ್ಣನ ಮಗ ತೋಂಟದಾರ್ಯ ಇಸ್ತ್ರಿ ಮಾಡಿದ ಷರಟು ತೊಟ್ಟು ನಿಂತಿದ್ದ. ಇನ್ನೊಂದರ ಕೆಳಗೆ ಹುಳಿಯಾರು ಕಡೆಯ ಹಟ್ಟಿಯ ಕ್ಯಾತಣ್ಣ, ಹೆಗಲ ಮೇಲೆ ಕಂಬಳಿ. ಪಕ್ಷಕ್ಕೆ ಇವರಲ್ಲಿ ಯಾರು ತಾಲ್ಲೂಕು ಅಧ್ಯಕ್ಷರಾಗಬೇಕೋ ಅವರ ಹಿಂದೆ ಹೋಗಿ ಸಾಲು ನಿಲ್ಲಿ ಎಂದು ತುಮಕೂರಿನಿಂದ ಬಂದಿದ್ದ ವಕೀಲ ಗಂಗಾಧರಯ್ಯ ಕೂಗಿ ಹೇಳಿ ಬಹಳ ಹೊತ್ತಾಗಿತ್ತು. ಒಬ್ಬರೂ ಕದಲಿರಲಿಲ್ಲ. ಎಲ್ಲರ ಕಣ್ಣೂ ತನ್ನ ಮುಖದ ಮೇಲೇ ಇದ್ದದ್ದು ಶಂಭುಲಿಂಗಯ್ಯನಿಗೆ ಈಗ ಕಂಡಿತು.

ಮೊದಲೆಲ್ಲ ಹೀಗಿರಲಿಲ್ಲ. ರಾಜ್ಯದ ಗಡಿಯಾಚೆ ಹೆಸರೇ ಇಲ್ಲದ ಈ ಪಕ್ಷಕ್ಕೆ ಮೊದಲ ಅಧ್ಯಕ್ಷರನ್ನು ಯಾರೂ ಆರಿಸಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಜೈಲು ಕಂಡವರೆಂದು ಜನ ತಾವಾಗಿ ಅವರ ಹಿಂದೆ ಹೋದರು. ಅವರು ತೀರಿಕೊಂಡ ಮೇಲೆ ಜೀಪಿದ್ದವನು ಅಧ್ಯಕ್ಷನಾದ. ಎಪ್ಪತ್ತರಿಂದೀಚೆಗೆ ಶಂಭುಲಿಂಗಯ್ಯ ಮಂಡಿಯಲ್ಲಿ ಲೋಡಿಗೊರಗಿ ಒಂದು ಹೆಸರು ಹೇಳುತ್ತಿದ್ದ, ಬೆಂಗಳೂರಿನ ಮುಖಂಡರು ಹೂಂ ಅನ್ನುತ್ತಿದ್ದರು, ನೆರೆದವರು ಉಪ್ಪಿಟ್ಟು ತಿಂದು ಚಪ್ಪಾಳೆ ತಟ್ಟಿ ಬಸ್ಸು ಹತ್ತುತ್ತಿದ್ದರು. ಎಂಬತ್ತಮೂರರ ಚುನಾವಣೆಯಲ್ಲಿ ಪಕ್ಷ ನೆಲಕಚ್ಚಿತು. ಇನ್ನು ಮೇಲೆ ಸದಸ್ಯರೇ ಆರಿಸಲಿ ಎಂದು ಬೆಂಗಳೂರಿನವರೇ ಅಂದಾಗ ಶಂಭುಲಿಂಗಯ್ಯ ನಕ್ಕಿದ್ದ. ಆರಿಸಲಿ, ಯಾರನ್ನು ಅಂತ ತಾನು ಹೇಳಿದರಾಯಿತು. ತೋಂಟದಾರ್ಯ ಈಗ ಅಧ್ಯಕ್ಷ, ಮುಂದೆ ಎಮ್ಮೆಲ್ಲೆ. ಅಣ್ಣನ ಮನೆಯವರಿಗೆ ಹಾಗೆಂದು ಮಾತು ಕೊಟ್ಟೂ ಆಗಿತ್ತು.

"ಚಿಕ್ಕಪ್ಪ, ಆ ಯಮ್ಮನ ಮಾತು ಕಟ್ಕೊಂಡು..." ಎಂದ ತೋಂಟದಾರ್ಯ.

"ಸುಮ್ನಿರಲಾ," ಎಂದು ಶಂಭುಲಿಂಗಯ್ಯ ಎದ್ದ. ಯಾಕೆ ಎದ್ದನೆಂದು ಅವನಿಗೇ ತಿಳಿಯಲಿಲ್ಲ. ಕುರ್ಚಿಯನ್ನು ಎತ್ತಿ ತಿರುಗಿಸಿ, ಮಂಡಿಯ ಮುಂದಿನ ತೆಂಗಿನ ಮಟ್ಟೆಯ ರಾಶಿಗೆ ಮುಖ ಮಾಡಿ ಕೂತ.

 ಆಮೇಲೆ ಬರಿಗಾಲಿನ ಸದ್ದು, ಒಬ್ಬರದೇ. ಕಾಳಕ್ಕನದಿರಬೇಕು. ಹಿಂದೆಯೇ ಇನ್ನೊಬ್ಬರು. ಚಪ್ಪಲಿ, ಎಕ್ಕಡ, ಯಾರದೋ ಊರುಗೋಲು. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಜನರ ಹೆಸರು, ಮನೆ, ತೋಟ ಅವನಿಗೆ ಗೊತ್ತು. ಆದರೂ ಯಾರ ಕಾಲು ಯಾವ ಮರದ ಕಡೆ ಹೊರಟಿತೆಂದು ಗೊತ್ತಾಗಲಿಲ್ಲ. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಬರೀ ನಡಿಗೆ. ಕೆರೆ ಕೋಡಿ ಬಿದ್ದಾಗ ಏರಿಯ ಮೇಲೆ ನಿಂತ ಊರಿನವರು ನೀರಿಗೆ ತಮ್ಮಷ್ಟಕ್ಕೆ ಕೈಮುಗಿಯುವುದನ್ನು ಅವನು ಕಂಡಿದ್ದ. ಈಗಲೂ ಹಾಗೇ ಅನ್ನಿಸಿತು. ತೊಡೆಯ ಮೇಲಿದ್ದ ಅವನ ಕೈಗಳು ತಾವಾಗಿ ಹತ್ತಿರ ಬಂದವು.

"ಆಯ್ತು, ತಿರುಗಿ ಶಂಭುಲಿಂಗಯ್ಯನೋರೆ," ಎಂದರು ಗಂಗಾಧರಯ್ಯ.

ಕ್ಯಾತಣ್ಣನ ಸಾಲು ಗೇಟು ದಾಟಿ ರಸ್ತೆಗೆ ಇಳಿದಿತ್ತು. ಮಂಡಿಯಲ್ಲಿ ಮೂಟೆ ಹೊರುವ ದುರ್ಗಯ್ಯ ಅದರಲ್ಲಿದ್ದ. ಗುಮಾಸ್ತ ಏಕಾಂತಯ್ಯ ಇದ್ದ. ಅವರಿಬ್ಬರ ಹಿಂದೆ, ಹಟ್ಟಿಯ ಹೆಂಗಸರ ನಡುವೆ, ಅವನ ಹೆಂಡತಿ ದ್ರಾಕ್ಷಾಯಣಮ್ಮ. ಲೆಕ್ಕಕ್ಕಿರಲಿ ಅಂತ ಆಕೆಯನ್ನು ಪಕ್ಷಕ್ಕೆ ಸೇರಿಸಿದ್ದವನು ಅವನೇ. ತೋಂಟದಾರ್ಯನ ಹಿಂದೆ ನೆಂಟರಿಷ್ಟರಷ್ಟೇ ಇದ್ದರು. ಅವನ ಮುಖ ಬಾಡಿಹೋಗಿತ್ತು.

"ನಿಮ್ಮದೂ ಒಂದು ಓಟಿದೆ," ಗಂಗಾಧರಯ್ಯ ಮೆಲ್ಲಗೆ ನೆನಪಿಸಿದರು.

ಶಂಭುಲಿಂಗಯ್ಯ ಕುರ್ಚಿಯಿಂದ ಎದ್ದು ಮರಗಳತ್ತ ನಡೆದ.

"ಈ ಕಡೀಕೆ ಬಂದ್ಬುಡಿ ಯಜಮಾನ್ರೇ, ಇನ್ನೇನು ಗೆದ್ದಂಗೇಯ," ದುರ್ಗಯ್ಯ ಕೂಗಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ.

"ಇವನನ್ನ ನಿಲ್ಸಿದೋನು ನಾನು ಕಣ್ಲಾ. ಬುಟ್ಟು ಬರಾಕಾಯ್ತದಾ?"

ತೋಂಟದಾರ್ಯನ ಸಾಲಿನ ಕೊನೆಯಲ್ಲಿದ್ದ ಹುಚ್ಚಣ್ಣ ಪಕ್ಕಕ್ಕೆ ಸರಿದು, "ಮುಂದಕ್ಕೆ ಬನ್ನಿ," ಎಂದ.

"ಇಲ್ಲೇ ಸರಿ ಕಣಪ್ಪ," ಎಂದು ಶಂಭುಲಿಂಗಯ್ಯ ಅವನ ಹಿಂದೆ ಕೊನೆಯವನಾಗಿ ನಿಂತ.

ಬಿಸಿಲು ಚುರುಗುಟ್ಟುತ್ತಿತ್ತು. ಗಂಗಾಧರಯ್ಯ ಒಬ್ಬೊಬ್ಬರ ಭುಜ ಮುಟ್ಟಿ ಎಣಿಸುತ್ತ ಹೊರಟರು. ಶಂಭುಲಿಂಗಯ್ಯ ಎದುರು ಸಾಲಿನತ್ತ ನೋಡುತ್ತ ನಿಂತ. ದ್ರಾಕ್ಷಾಯಣಮ್ಮ ನೆರಳಿಗೆಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಪಕ್ಕದವಳು ಏನೋ ಅಂದದ್ದಕ್ಕೆ ನಗುತ್ತಿದ್ದಳು. ಮದುವೆಯಾದಂದಿನಿಂದ ಆಕೆಯನ್ನು ಅವನು ಇಷ್ಟು ದೂರದಿಂದ, ಇಷ್ಟು ಹೊತ್ತು ನೋಡಿರಲೇ ಇಲ್ಲ.