ಮೊದಲ ಪಾಠದ ಸಾಲು

ತೀರಿಕೊಂಡವರ ಎಡಗಾಲಿಗೆ ಕಾಲುಚೀಲ ಏರುತ್ತಿರಲಿಲ್ಲ. ಪಾದ ಸೆಟೆದುಕೊಂಡಿತ್ತು. ಆದರೂ ಅವಳು ಎಳೆಯುತ್ತಲೇ ಇದ್ದಳು. ಅಮ್ಮ ಇವರನ್ನು ಮದುವೆಯಾದಾಗ ಅವಳಿಗೆ ಹನ್ನೊಂದು ವರ್ಷ. ಅಂದಿನಿಂದ ಇಂದಿನವರೆಗೂ ಇವರು ಅವಳಿಗೆ ಅಂಕಲ್. ಅಮ್ಮ ಹೋದ ಮೇಲೂ ಇಬ್ಬರೂ ಒಂದೇ ಸೂರಿನಡಿ, ಎಷ್ಟು ಬೇಕೋ ಅಷ್ಟೇ ಮಾತಾಡಿಕೊಂಡು ಕಾಲ ಹಾಕಿದ್ದರು.

"ಬಿಡಮ್ಮ, ಗಾಡಿ ಬಂತು" ಎಂದರು ಅಂಕಲ್‌ನ ಅಣ್ಣ. "ಚಿತಾಗಾರದಲ್ಲಿ ಸ್ವಿಚ್ಚು ಮನೆಯವರೇ ಒತ್ತಬೇಕಂತೆ. ನಾನೇ ಒತ್ತುತ್ತೀನಿ. ಏನಂದರೂ ರಕ್ತಸಂಬಂಧ, ನೋಡು."

"ಆಗಲಿ" ಎಂದಳು. ಬೇಸರವೂ ಆಗಲಿಲ್ಲ. ಮನಸ್ಸು ಜೋಮು ಹಿಡಿದ ಕಾಲಿನ ಹಾಗಿತ್ತು.

*

ಲಕ್ಷಗಟ್ಟಲೆ ಸಾಲಿನ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಯಾವ ಭಾಗ ಯಾವುದನ್ನು ನೆಚ್ಚಿಕೊಂಡಿದೆ ಎಂದು ಹುಡುಕಿಸುವುದು ಅಂಕಲ್‌ನ ಕೆಲಸ. ಅಮ್ಮನನ್ನು ಮದುವೆಯಾದ ಹೊಸತರಲ್ಲಿ, ಊಟಕ್ಕೆ ಕೂತಾಗ ಅದನ್ನು ಅವಳಿಗೆ ವಿವರಿಸಿದ್ದರು.

"ಗೊತ್ತಿರೋ ಸಂಗತಿ ಹೇಳ್ತೀನಿ, ನಿಯಮ ಹೇಳ್ತೀನಿ. ಇವರು ಇವನ ಅಪ್ಪ, ಇದು ಸಂಗತಿ. ಅಪ್ಪನ ಅಪ್ಪ ತಾತ, ಇದು ನಿಯಮ. ಆಮೇಲೆ ತಾತ ಯಾರು ಅಂತ ಕೇಳಿದರೆ ಕಂಪ್ಯೂಟರೇ ಹುಡುಕಿ ಹೇಳತ್ತೆ. ಆಫೀಸಿನ ಹೊಸಬರಿಗೆ ನಾನು ಹೇಳಿಕೊಡೋ ಮೊದಲ ಪಾಠ ಇದೇ. ಉದಾಹರಣೆಗೆ ನಮ್ಮನೆಯವರನ್ನೇ ಹಾಕೋಣ ಅಂತಿದ್ದೀನಿ. ನಿನ್ನ ಯಾರ ಮಗಳು ಅಂತ ಬರೀಲಿ?"

"ಅಮ್ಮನ ಮಗಳು. ಅಷ್ಟೇ ಬರೀರಿ, ಅಂಕಲ್."

ಅವರು ತಲೆಯಾಡಿಸಿ ಲೋಟಕ್ಕೆ ನೀರು ಬಗ್ಗಿಸಿಕೊಂಡರು.

*

ಚಿತಾಗಾರದಲ್ಲಿ ಅಂಕಲ್‌ನ ಅಣ್ಣ ಆಗಲೇ ತೋಳು ಮಡಚಿಕೊಂಡು ಸ್ವಿಚ್ಚಿನ ಪಕ್ಕ ನಿಂತಿದ್ದರು. ಅಂಕಲ್‌ನ ಆಫೀಸಿನ ಗಡ್ಡದವನೊಬ್ಬ ಅವಳ ಬಳಿ ಬಂದ.

"ನೀವು ಸಾರ್ ಮಗಳಲ್ವಾ? ನಮಗೆಲ್ಲ ಮೊದಲ ಪಾಠದಿಂದಲೇ ಗೊತ್ತು. ಅದರಲ್ಲಿ ನೀವು ಅವರ ಮಗಳು ಅಂತ ಒಂದು ಸಾಲಿದೆ."

"ಅವರ ಹೆಂಡತಿಯ ಮಗಳು."

"ಅದನ್ನೂ ಹೇಳಿದ್ರು. ಹಾಗಿದ್ರೆ ಹೆಂಡತಿ ಮಗಳೂ ಮಗಳೇ ಅಂತ ಒಂದು ನಿಯಮ ಬರೆದರಾಯ್ತಲ್ಲ ಸಾರ್, ಅಂದೆ. ಬೇಡಪ್ಪ ಅಂದ್ರು. ನಿಯಮ ಅಂದ್ರೆ ಕಂಪ್ಯೂಟರ್ ಕಾರಣ ಹುಡುಕಿಕೊಂಡು ಹೋಗತ್ತೆ, ಸಂಗತಿ ಅಂದ್ರೆ ಹೇಳಿದ್ದನ್ನ ಹಾಗೇ ಒಪ್ಪತ್ತೆ, ಇವಳು ನನ್ನ ಮಗಳು ಅನ್ನೋದಕ್ಕೆ ಕಾರಣ ಬೇಡ ಅಂದ್ರು."

ಅಳು ಬರಬಹುದು ಎಂದು ಅವಳು ಕಾದಳು. ಬರಲಿಲ್ಲ. ಕಾಲು ಮಾತ್ರ ಮುಂದಕ್ಕೆ ಹೋಯಿತು.

"ಸ್ವಲ್ಪ ಸರೀರಿ, ದೊಡ್ಡಪ್ಪ."

ಅಂಕಲ್‌ನ ಅಣ್ಣನನ್ನು ಅವಳು ಹಾಗೆ ಎಂದೂ ಕರೆದಿರಲಿಲ್ಲ. ಅವರು ಅವಳ ಮುಖ ನೋಡಿ ಸರಿದು ನಿಂತರು.

ಸ್ವಿಚ್ಚು ಒತ್ತಿದಳು. ಚಟ್ಟ ಕುಲುಮೆಯೊಳಗೆ ಸರಿಯಿತು, ಬಾಗಿಲು ಇಳಿಯಿತು. ಬಂದವರು ಒಬ್ಬೊಬ್ಬರಾಗಿ ಹೊರಗೆ ನಡೆದರು.

"ಬಿಡೀಮ್ಮಾ" ಎಂದ ಚಿತಾಗಾರದವನು. "ಒಂದು ಸಲ ಒತ್ತಿದರೆ ಸಾಕು."

ಅವಳ ಬೆರಳು ಅಲ್ಲೇ ಇತ್ತು, ಉಗುರು ಬೆಳ್ಳಗಾಗುವಷ್ಟು ಒತ್ತಿಕೊಂಡು.