ನಿಂತದ್ದಕ್ಕೆ ಕಿವಿಯಿಡಬೇಡ

ಆ ಗಡಿಯಾರದಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ನಿಂತುಹೋದ ಗಡಿಯಾರವನ್ನು ಯಾರೂ ಕಿವಿಯ ಹತ್ತಿರ ಒಯ್ಯುವಂತಿರಲಿಲ್ಲ. ಬೇರೆ ಅಂಗಡಿಗಳಲ್ಲಿ ಗಿರಾಕಿ ಗಡಿಯಾರ ಕೊಟ್ಟ ಕೂಡಲೇ ಕೆಲಸದವನು ಮೊದಲು ಮಾಡುವುದೇ ಅದನ್ನು. ಇಲ್ಲಿ ಮಾತ್ರ ಹಿಂಬದಿಯ ತಗಡಿನ ಮೇಲೆ ಬೆರಳ ತುದಿಯಿಟ್ಟು ಒಳಗಿನ ಮಿಡಿತವನ್ನು ತಿಳಿಯಬೇಕಿತ್ತು. ಅಜ್ಜ ತನ್ನ ಮೊಮ್ಮಗಳಿಗೆ ಕೆಲಸ ಕಲಿಸಿದ್ದು ಹೀಗೆ. ಏಕೆಂದು ಅವಳು ಕೇಳಿದಾಗಲೆಲ್ಲ, ಕಿವಿಗೆ ಎಣ್ಣೆ ಹತ್ತುತ್ತದೆ ಎಂದು ಹಾರಿಕೆಯ ಮಾತಾಡಿ, ಭೂತಗನ್ನಡಿಯನ್ನು ಕಣ್ಣಿಗೆ ಕಚ್ಚಿಸಿಕೊಂಡು ತಲೆ ತಗ್ಗಿಸುತ್ತಿದ್ದ.

ಗೋಡೆಯ ಮೇಲೆ ಇಪ್ಪತ್ಮೂರು ಗಡಿಯಾರಗಳಿದ್ದವು. ಬೆಳಿಗ್ಗೆ ದೇವರಿಗೆ ಕೈಮುಗಿದು ಅಂಗಡಿಯ ಬಾಗಿಲು ತೆಗೆದರೆ ಅಜ್ಜನ ಮೊದಲ ಕೆಲಸ ಅವಕ್ಕೆಲ್ಲ ಕೀಲಿ ಕೊಡುವುದು. ಯಾವುದೂ ನಿಲ್ಲಕೂಡದು. ಅಪ್ಪಿತಪ್ಪಿ ಒಂದು ನಿಂತರೆ, ಹೆಗಲ ಮೇಲಿನ ಬಟ್ಟೆಯನ್ನು ಅದರ ಮುಖಕ್ಕೆ ಹೊದಿಸಿಬಿಡುತ್ತಿದ್ದ. ಗಿರಾಕಿಗಳು ಇದನ್ನು ಮುದುಕನ ಮರುಳು ಎಂದು ನಗುತ್ತಿದ್ದರು. ನಿಂತ ಗಡಿಯಾರದಿಂದ ಅಜ್ಜನಿಗೆ ಒಂದು ದನಿ ಕೇಳಿಸುತ್ತಿತ್ತೆಂಬುದು ಅವರಿಗೇನು ಗೊತ್ತು? ಸತ್ತ ಮಗನ ದನಿಯಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದ. ಅದು ಅಜ್ಜನ ಸ್ವಂತ ದನಿ. "ನಿಂತಿದೆ ನೋಡೋ, ಕಿವಿ ಇಡು," ಎನ್ನುತ್ತಿತ್ತು.

ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಮೊಮ್ಮಗಳಿಗೆ ಒಂದು ವರ್ಷ ತುಂಬಿದ ದಿನ. ಆಗ ಅಂಗಡಿಯ ಎರಡನೆಯ ಮೇಜಿನ ಮುಂದೆ ಕೂರುತ್ತಿದ್ದವನು ಅಜ್ಜನ ಒಬ್ಬನೇ ಮಗ. ಚಿಕ್ಕಂದಿನಲ್ಲಿ ಅಪ್ಪ ಅವನಿಗೆ ಕಲಿಸಿದ ಮೊದಲ ಪಾಠವೇ ಇದು: ನಿಂತದ್ದೆಲ್ಲ ಸತ್ತದ್ದಲ್ಲ. ಅಲುಗಾಡಿಸಬೇಡ, ಬಿಚ್ಚಬೇಡ, ಮೊದಲು ಕಿವಿ ಇಡು. ಒಳಗೆ ಯಾವುದೋ ಒಂದು ಚಕ್ರ ಇನ್ನೂ ಹೆಣಗುತ್ತಿರುತ್ತದೆ. ಮಗನ ಕಿವಿ ಅಪ್ಪನ ಕಿವಿಗಿಂತ ಚುರುಕಾಯಿತು.

ಆ ಸಂಜೆ ಮನೆಯ ಹಿಂದಿನ ಅಂಗಳದಲ್ಲಿ ಪಟಾಕಿ ಹಚ್ಚಿದರು. ಆಕಾಶಕ್ಕೆ ನೆಗೆದು ಒಡೆಯುವ ದಪ್ಪ ಕೊಳವೆಯೊಂದಕ್ಕೆ ಮಗ ಬತ್ತಿ ಹೊತ್ತಿಸಿ ಹಿಂದೆ ಬಂದ. ಬತ್ತಿ ಸುರ್ರೆಂದು ಉರಿದು ಒಳಗೆ ಹೋಯಿತು, ಅಷ್ಟೆ. ಕೊಳವೆ ಸುಮ್ಮನೆ ನಿಂತಿತು. ಬಂದವರೆಲ್ಲ ನಕ್ಕರು. ಅಪ್ಪನಿಗೂ ನಗೆ ಬಂತು. ಹತ್ತಿರ ನಿಂತಿದ್ದ ಮಗನಿಗೆ ಮಾತ್ರ ಕೇಳುವಂತೆ ಅಂಗಡಿಯ ಆ ಮಾತನ್ನು ತಮಾಷೆಗೆ ಅಂದ. ಮಗನೂ ತಮಾಷೆಗೇ ಹೋದ. ಗಡಿಯಾರದ ಮೇಲೆ ಬಾಗುವಂತೆ ಮೊಣಕಾಲೂರಿ, ತಲೆಯನ್ನು ಓರೆ ಮಾಡಿ, ಕಿವಿಯಿಟ್ಟ.

ಮಗನನ್ನು ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಮನೆಯ ದರ್ಜಿ ಕೇಳಿದ್ದ, ಬುದ್ಧಿಯಿದ್ದವರು ಯಾರಾದರೂ ಹಾಗೆ ಬಗ್ಗುತ್ತಾರೆಯೇ, ಕುಡಿದಿದ್ದನೇ ಎಂದು. ಅಪ್ಪ ಬಾಯಿ ತೆರೆಯಲಿಲ್ಲ. ಮೌನ ಸಮ್ಮತಿಯೆಂದು ಊರು ತಿಳಿಯಿತು. ತಿಂಗಳೊಳಗೆ, ಒಂದು ಹನಿಯನ್ನೂ ಮುಟ್ಟದ ಮಗ ಕುಡಿದು ಸತ್ತವನಾದ. ಸೊಸೆಯೂ ನಂಬಿದಳು. ಅವಳು ಗಂಡನ ಭಾವಚಿತ್ರವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದಳು, ಮಗಳು ಅಪ್ಪನ ಮಾತೆತ್ತಿದರೆ, "ಕುಡುಕರ ಸುದ್ದಿ ನಮಗ್ಯಾಕೆ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಪ್ಪ ಕುಡಿದು ಉರಿಯುವ ಪಟಾಕಿಯ ಮೇಲೆ ಬಗ್ಗಿದನೆಂಬುದಷ್ಟೇ ಮಗಳಿಗೆ ತಿಳಿದದ್ದು. ಅಜ್ಜ ದಿನವೂ ದೇವರ ಮುಂದೆ ನಿಂತು, ಇವತ್ತು ಹೇಳುತ್ತೇನೆ ಎನ್ನುತ್ತಿದ್ದ. ದೇವರು ತಾಳ್ಮೆಯುಳ್ಳವನು. ಇಪ್ಪತ್ತೊಂದು ವರ್ಷ ಕೇಳಿಸಿಕೊಂಡ.

ಈಗ ಮೊಮ್ಮಗಳಿಗೆ ಮದುವೆ ಗೊತ್ತಾಯಿತು. ಹುಡುಗ ಬಸ್ಸಿನ ಚಾಲಕ. ನಗುಮುಖದವನು, ಬಾಯಿ ಸ್ವಲ್ಪ ಮುಂದು. ಮಾತುಕತೆ ಮುಗಿದ ಸಂಭ್ರಮಕ್ಕೆ ಎರಡು ಮನೆಯವರೂ ಸೇರಿದ ದಿನ ಅವನು ಕಂಕುಳಲ್ಲಿ ಒಂದು ದೊಡ್ಡ ಪೆಟ್ಟಿಗೆಯನ್ನಿಟ್ಟುಕೊಂಡು ಬಂದ. ಮುಚ್ಚಳದ ಮೇಲಿನ ಕೆಂಪು ಹಳದಿ ಚಿತ್ರ ನೋಡಿಯೇ ಅಜ್ಜ ಕೈಯ ನೀರಿನ ಲೋಟವನ್ನು ಕೆಳಗಿಟ್ಟ. ಪಟಾಕಿ ಬೇಡಪ್ಪ ಎಂದ. ಗಾಳಿಯಿದೆ ಎಂದ, ಓಣಿ ಕಿರಿದು ಎಂದ, ಎದುರುಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂದ. ನಿಜವಾದ ಕಾರಣವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ.

"ಅಜ್ಜ, ಹನ್ನೆರಡು ಗಂಟೆ ಹೊಡೆದಾಗ ನಿಮ್ಮ ಅಂಗಡಿ ಮಾಡೋ ಗಲಾಟೆ ಮುಂದೆ ಇದೇನೂ ಅಲ್ಲ ಬಿಡಿ," ಎಂದ ಚಾಲಕ. ಎಲ್ಲರೂ ನಕ್ಕರು.

ಸೊಸೆ ನಗಲಿಲ್ಲ. ತಟ್ಟೆಗಳನ್ನು ಜೋಡಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ಹಚ್ಚಲಿ ಬಿಡಿ ಮಾವ. ಕುಡಿದೋನೊಬ್ಬ ಬಗ್ಗಿದ ಅಂತ ನನ್ನ ಮಗಳು ಜೀವಮಾನವಿಡೀ ಕತ್ತಲಲ್ಲೇ ಕೂರಬೇಕಾ?"

ಮೊಮ್ಮಗಳ ಮುಖ ಕೆಂಪಾಯಿತು. ಭಾವೀ ಬೀಗರ ಎದುರಿಗೆ ಅಪ್ಪ ಕುಡುಕನೆಂದು ಕರೆಸಿಕೊಂಡಿದ್ದ. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ಅಜ್ಜ ಮತ್ತೆ ನುಂಗಿದ.

ಹೊತ್ತು ಮುಳುಗುತ್ತಲೇ ಎಲ್ಲರೂ ಹಿಂದಿನ ಅಂಗಳಕ್ಕೆ ಬಂದರು. ಅದೇ ಅಂಗಳ, ಅದೇ ಗೋಡೆ. ಗೋಡೆಗೆ ಎಷ್ಟು ಸಲ ಸುಣ್ಣ ಬಳಿಸಿದರೂ ಒಂದು ಮೂಲೆಯ ಕಪ್ಪು ಅಜ್ಜನ ಕಣ್ಣಿಗೆ ಮತ್ತೆ ಏಳುತ್ತಿತ್ತು. ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಅವನು ಹಿತ್ತಿಲ ಬಾಗಿಲ ಚೌಕಟ್ಟನ್ನು ಹಿಡಿದು ನಿಂತ.

ಮೊದಲ ಮೂರು ಕೊಳವೆಗಳು ಆಕಾಶಕ್ಕೇರಿ ಹೂವಾಗಿ ಉದುರಿದವು. ಮಂದಿ ಚಪ್ಪಾಳೆ ತಟ್ಟಿದರು. ನಾಲ್ಕನೆಯದರ ಬತ್ತಿ ಸುರ್ರೆಂದಿತು, ಒಳಗೆ ಹೋಯಿತು, ನಿಂತಿತು. ಒಂದು ನವಿರು ಹೊಗೆಯ ಎಳೆ ಮೇಲೆದ್ದು ಹರಿದುಹೋಯಿತು. ಅಂಗಳ ಸದ್ದಿಲ್ಲದಾಯಿತು. ಆ ನಿಶ್ಶಬ್ದವನ್ನು ಅಜ್ಜ ಬಲ್ಲ. ದನಿ ಈಗ ಬರುತ್ತದೆ ಎಂದು ಕಾದ.

ದನಿ ಬಂತು. ಆದರೆ ಈ ಸಲ ಅವನೊಳಗಿನಿಂದ ಬರಲಿಲ್ಲ. ಬಸ್ಸಿನ ಚಾಲಕ ನಗುತ್ತ ತಾನು ಮದುವೆಯಾಗುವವಳ ಕಡೆ ತಿರುಗಿ, "ನಿಂತೋಯ್ತಲ್ಲ, ಗಡಿಯಾರದ ಡಾಕ್ಟ್ರಮ್ಮ! ಇದು ನಿಮ್ಮ ಇಲಾಖೆ. ಸ್ವಲ್ಪ ಕಿವಿ ಕೊಟ್ಟು ನೋಡಿ," ಎಂದ.

ಅಮ್ಮನ ಮಾತಿನಿಂದ ಬಿಗಿದಿದ್ದ ಮೊಮ್ಮಗಳ ಮುಖ ಆಗ ಸಡಿಲವಾಯಿತು. ಅವಳು ನಗುತ್ತ ನಾಲ್ಕು ಹೆಜ್ಜೆ ಮುಂದೆ ಹೋದಳು. ಮೊಣಕಾಲೂರಿದಳು. ಬೀಳುತ್ತಿದ್ದ ಜಡೆಯನ್ನು ಹಿಂದಕ್ಕೆ ಎಸೆದು, ತಲೆಯನ್ನು ಎಡಕ್ಕೆ ಓರೆ ಮಾಡಿದಳು. ಯಾರೂ ಅವಳಿಗೆ ಕಲಿಸದ ಓರೆ ಅದು. ಅಜ್ಜನ ಬೆನ್ನ ಹಿಂದೆ, ಅವನು ಊಟಕ್ಕೆ ಹೋದ ಹೊತ್ತಿನಲ್ಲಿ, ಅವಳು ಎಷ್ಟೋ ಗಡಿಯಾರಗಳಿಗೆ ಕದ್ದು ಕಿವಿಯಿಟ್ಟಿದ್ದಳೆಂದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು. ಅಲ್ಲಿ ಬಾಗಿದ್ದವಳು ಮೊಮ್ಮಗಳಾಗಿ ಕಾಣಲಿಲ್ಲ. ಅದೇ ಕತ್ತು, ಅದೇ ಕಿವಿ.

"ಅಂಗಡಿ ಕಟ್ಟಳೆ!" ಎಂದು ಅಜ್ಜ ಕೂಗಿದ.

ಬೇರೇನು ಕೂಗಿದ್ದರೂ ಅವಳು ನಕ್ಕುಬಿಡುತ್ತಿದ್ದಳೇನೋ. ಹತ್ತು ವರ್ಷದ ಪಾಠ ಅವಳ ತಲೆಯನ್ನು ತಾನಾಗಿ ಹಿಂದಕ್ಕೆಳೆಯಿತು. ಅಷ್ಟರಲ್ಲಿ ಅಜ್ಜ ಆ ಮುದಿ ಮೊಣಕಾಲುಗಳಲ್ಲೇ ಹೇಗೆ ಓಡಿದನೋ ಓಡಿ, ಅವಳ ತೋಳು ಹಿಡಿದು ಬಾಗಿಲಿನವರೆಗೆ ಎಳೆದುಕೊಂಡು ಬಂದ. ಯಾರೂ ಹತ್ತಿರ ಹೋಗಬೇಡಿ, ದೂರದಿಂದ ನೀರು ಹಾಕಿ ಎಂದ. ಚಾಲಕ ಮೋಟು ಗೋಡೆಯಾಚೆ ನಿಂತು ನಲ್ಲಿಯ ಪೈಪಿನಿಂದ ನೀರು ಹಾಯಿಸಿದ. ಪಟಾಕಿ ನೆನೆದು, ಮೆತ್ತಗಾಗಿ, ಒಂದು ಪಕ್ಕಕ್ಕೆ ವಾಲಿತು. ಅದು ಒಡೆಯುತ್ತಿತ್ತೋ ಇಲ್ಲವೋ, ದೇವರೇ ಬಲ್ಲ.

"ಏನಾಯ್ತೀಗ? ಟುಸ್ ಪಟಾಕಿ ಅದು," ಎಂದು ಯಾರೋ ಗೊಣಗಿದರು.

ಅಜ್ಜ ಮೊಮ್ಮಗಳ ತೋಳನ್ನು ಬಿಟ್ಟಿರಲಿಲ್ಲ. ಬಿಟ್ಟರೆ ಮತ್ತೆ ಹೇಳಲಾರೆನೆಂದು ಅವನಿಗೆ ಗೊತ್ತಿತ್ತು. "ನಿಮ್ಮಪ್ಪ ಕುಡಿದಿರಲಿಲ್ಲ ಪುಟ್ಟಿ," ಎಂದ. "ನಾನೇ ಅಂದೆ. ನಿಂತಿದೆ, ಕಿವಿ ಇಡು ಅಂತ. ಈ ಹುಡುಗ ಅಂದ ಹಾಗೇ. ತಮಾಷೆಗೆ ಅಂದೆ. ಅಪ್ಪ ಹೇಳಿದ್ದು ಅಂತ ಹೋದ."

ಚಾಲಕನ ಕೈಯ ಪೈಪಿನಿಂದ ನೀರು ಹರಿಯುತ್ತಲೇ ಇತ್ತು. ಅದು ಅವನ ಚಪ್ಪಲಿಯನ್ನು ತೋಯಿಸುತ್ತಿದ್ದುದೂ ಅವನಿಗೆ ತಿಳಿಯಲಿಲ್ಲ. ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರು ದಿನ ಅವಳು ಮಾವನ ತಟ್ಟೆಯನ್ನು ಅವನ ಕೋಣೆಯ ಹೊಸ್ತಿಲಲ್ಲಿಟ್ಟು ಹೋದಳು. ಅಜ್ಜನಾಗಲಿ ಮೊಮ್ಮಗಳಾಗಲಿ ಅಂಗಡಿಗೆ ಹೋಗಲಿಲ್ಲ. ನಾಲ್ಕನೆಯ ಬೆಳಿಗ್ಗೆ ತಟ್ಟೆ ಇಟ್ಟವಳು ಅಲ್ಲೇ ನಿಂತಳು.

"ಇಪ್ಪತ್ತೊಂದು ವರ್ಷ ಅವರನ್ನ ಬೈದೆ," ಎಂದಳು. "ಬೈಸಿದೋರು ನೀವು."

"ಹೌದಮ್ಮ."

"ಇನ್ನು ನಿಮ್ಮನ್ನ ಬೈಯೋಣ ಅಂದ್ರೆ ನನ್ನ ಬಾಯಲ್ಲಿ ಬೈಗುಳಾನೇ ಉಳಿದಿಲ್ಲ ಮಾವ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಊಟ ಮಾಡಿ. ಆರಿಹೋಗುತ್ತೆ."

ಅದು ಕ್ಷಮೆಯಲ್ಲವೆಂದು ಅಜ್ಜನಿಗೆ ಗೊತ್ತಿತ್ತು. ಅವನು ಕೇಳಲೂ ಇಲ್ಲ. ಉಂಡು, ಅಂಗಡಿಗೆ ನಡೆದ.

ಬಾಗಿಲು ತೆಗೆದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಮೂರು ದಿನ ಕೀಲಿ ಕೊಡದೆ ಎಲ್ಲ ಗಡಿಯಾರಗಳೂ ನಿಂತಿದ್ದವು. ಒಂದರಲ್ಲಿ ನಾಲ್ಕೂವರೆ, ಒಂದರಲ್ಲಿ ಒಂಬತ್ತು. ಲೋಲಕಗಳೆಲ್ಲ ನೇರವಾಗಿ ಇಳಿಬಿದ್ದಿದ್ದವು. ಅಜ್ಜನ ಕೈ ಹೆಗಲ ಮೇಲಿನ ಬಟ್ಟೆಗೆ ಹೋಯಿತು. ಇದ್ದದ್ದು ಒಂದು ಬಟ್ಟೆ, ನಿಂತದ್ದು ಇಪ್ಪತ್ಮೂರು.

ಹಿಂದೆಯೇ ಮೊಮ್ಮಗಳು ಬಂದಳು. ಅವಳು ಎದೆಗೆ ಅವಚಿಕೊಂಡದ್ದು ಪೆಟ್ಟಿಗೆಯ ತಳದ ಆ ಭಾವಚಿತ್ರ. ಅಮ್ಮನೇ ತೆಗೆದುಕೊಟ್ಟಳಂತೆ. ಎರಡನೆಯ ಮೇಜಿನ ಹಿಂದಿನ ಗೋಡೆಯ ಮೊಳೆಗೆ ಅದನ್ನು ನೇತುಹಾಕಿ, ಸೊಟ್ಟಗಾಯಿತೇ ಎಂದು ಹಿಂದೆ ಸರಿದು ನೋಡಿದಳು. ಆಮೇಲೆ ಕೇಳಿದಳು:

"ಅಜ್ಜ, ಕಿವಿ ಇಟ್ಟಾಗ ಅಪ್ಪನಿಗೆ ಒಳಗೆ ಏನು ಕೇಳಿಸಿರಬಹುದು?"

"ಗೊತ್ತಿಲ್ಲ ಪುಟ್ಟಿ. ನಾನೂ ಅದನ್ನೇ ಕೇಳ್ತಾ ಕೂತಿದೀನಿ."

ಅವಳು ಕೀಲಿಗಳ ಗೊಂಚಲನ್ನು ತೆಗೆದುಕೊಂಡು ಗೋಡೆಯ ಆ ತುದಿಯಿಂದ ಶುರು ಮಾಡಿದಳು. ಅಜ್ಜ ತನ್ನ ಮೇಜಿನ ಮುಂದೆ ಕೂತು, ಬಟ್ಟೆಯನ್ನು ಹೆಗಲಿನಿಂದ ತೆಗೆದು, ಮಡಿಸಿ, ತೊಡೆಯ ಮೇಲಿಟ್ಟುಕೊಂಡ. ಅವಳು ಅವನ ತಲೆಯ ಮೇಲಿನ ಕೊನೆಯ ಗಡಿಯಾರಕ್ಕೆ ಬರುವವರೆಗೂ ಅದು ನಿಂತೇ ಇತ್ತು. ಅಜ್ಜ ಅದರ ಕೆಳಗೆ ಕೂತು, ಅದು ಹೇಳುವುದನ್ನು ಪೂರ್ತಿಯಾಗಿ ಕೇಳಿಸಿಕೊಂಡ.