ದಿಕ್ಸೂಚಿ ಗಿಡದ ಅಂಟು

"ಪಕ್ಕಕ್ಕೆ ಸರಿ ಇಂಗಾ, ಇಲ್ಲಾಂದ್ರೆ ನಿನ್ ಮೇಲೇ ಹತ್ತಿಸ್ಬಿಡ್ತೀನಿ!"

"ಹತ್ತಿಸಣ್ಣಾ. ಹೇಗೂ ಸ್ಮಶಾನದಲ್ಲೇ ಇದೀವಿ, ಹೊತ್ಕೊಂಡು ಬರೋ ಕೆಲಸ ತಪ್ಪುತ್ತೆ."

ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕುಳಿತಿದ್ದ ಆರ್ವಿಡ್ ಹಲ್ಲು ಕಡಿದ. ಅಯೋವಾದ ಮೆಕ್ಕೆಜೋಳದ ಹೊಲಗಳ ನಡುವೆ ಎಂದೂ ನೇಗಿಲು ಕಾಣದೆ ಉಳಿದ ನೆಲವೆಂದರೆ ಚರ್ಚಿನ ಹಿಂದಿನ ಈ ತುಂಡೊಂದೇ. ಕೆಲವು ವರ್ಷಗಳಿಂದ ತಂಗಿ ಇಲ್ಲಿ ಯಂತ್ರ ಆಡಿಸಲು ಬಿಟ್ಟಿರಲಿಲ್ಲ. ವಸಂತದಲ್ಲಿ ಹಳೆಯ ಹುಲ್ಲಿಗೆ ಬೆಂಕಿಯಿಟ್ಟು, ಈ ನೆಲದ ಹಳೆಯ ಕಾಡುಗಿಡಗಳು ತಾವಾಗೇ ಮರಳಿ ಬರಲಿ ಎಂದು ಬಿಟ್ಟುಬಿಡುತ್ತಿದ್ದಳು. ಈಗ ಹುಲ್ಲು ಸೊಂಟ ಮೀರಿತ್ತು. ಅಮ್ಮನ ಸಮಾಧಿಗೆ ಹೋಗಬೇಕಾದರೆ ಈಜಬೇಕು. ಇವತ್ತು ಅಮ್ಮನ ತಂಗಿ ಬೊರ್ಗಿಲ್ಡ್ ಬರುವವಳಿದ್ದಳು. ತೊಂಬತ್ತು ದಾಟಿದ ಮುದುಕಿ, ಇದೇ ಕೊನೆಯ ಸಲ ಎಂದು ಹೇಳಿಕಳಿಸಿದ್ದಳು. ಅವಳ ಕಣ್ಣಿಗೆ ಈ ಕಾಡು ಬೀಳಬೇಕೆ?

ಜಗಳ ಮುಗಿಯುವ ಮೊದಲೇ ಕಾರು ಬಂದುಬಿಟ್ಟಿತು. ಮಗಳ ಕೈ ಕೊಡವಿಕೊಂಡು ಇಳಿದ ಬೊರ್ಗಿಲ್ಡ್, ಕೋಲೂರಿ ಹುಲ್ಲಿನತ್ತ ಕತ್ತು ಚಾಚಿದಳು.

"ಚಿಕ್ಕಮ್ಮಾ, ಇವಳಿಗೆ ಹೇಳಿ ಹೇಳಿ ಸಾಕಾಯ್ತು. ಸ್ವಲ್ಪ ಹೊತ್ತು ಕೊಡು, ಎಲ್ಲಾ ನುಣ್ಣಗೆ ಮಾಡ್ಬಿಡ್ತೀನಿ."

"ಬಾಯ್ಮುಚ್ಚೋ."

ಅವಳು ಹುಲ್ಲಿನೊಳಗೆ ನುಗ್ಗಿದಳು. ಅಣ್ಣ ತಂಗಿ ಹಿಂದೆ ಓಡಿದರು. ತಲೆಗಿಂತ ಎತ್ತರಕ್ಕೆ ಬೆಳೆದು ಹಳದಿ ಹೂ ಬಿಟ್ಟ ಒರಟು ಗಿಡವೊಂದರ ಬಳಿ ಮುದುಕಿ ನಿಂತಳು. ಅದರ ಸೀಳೆಲೆಗಳ ಅಂಚುಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಿದ್ದವು.

"ದಿಕ್ಸೂಚಿ ಗಿಡ ಕಣೋ! ಸ್ಕೂಲಿಗೆ ಹೋಗ್ತಾ ಇದರ ಅಂಟು ಜಗೀತಿದ್ವಿ, ನಾನೂ ನಿಮ್ಮಮ್ಮನೂ. ಒಂದಿನ ಅಗಿದಿದ್ದನ್ನ ನನ್ನ ಜಡೆಗೆ ಮೆತ್ತಿಬಿಟ್ಲು, ಕಳ್ಳಿ! ಅರ್ಧ ಕೂದ್ಲು ಕತ್ತರಿಸ್ಬೇಕಾಯ್ತು."

"ಅಮ್ಮನಾ?"

ಊಟದ ಮೇಜಿಗೆ ಮೊಣಕೈ ತಾಗಿದರೆ ಚಮಚದಿಂದ ಬಡಿಯುತ್ತಿದ್ದ ಅಮ್ಮ! ಆರ್ವಿಡ್‌ಗೆ ನಂಬಲಾಗಲಿಲ್ಲ.

"ಇನ್ಯಾರು ಮತ್ತೆ? ಕಿತ್ಕೊಡು, ನಂಗೆ ಎಟುಕಲ್ಲ."

ಕಾಂಡದ ಮೇಲೆ ಹನಿಗಟ್ಟಿದ್ದ ಅಂಟನ್ನು ಅವನು ಉಗುರಿನಿಂದ ಎಬ್ಬಿಸಿ ಇಬ್ಬರಿಗೂ ಕೊಟ್ಟು ತಾನೂ ಬಾಯಿಗೆ ಹಾಕಿಕೊಂಡ. ಮೊದಲು ಕಹಿ, ಆಮೇಲೆ ದೇವದಾರಿನ ಘಮ. ಇದ್ದಕ್ಕಿದ್ದಂತೆ ಚಿಕ್ಕಮ್ಮನ ದವಡೆ ನಿಂತುಹೋಯಿತು. "ಮ್ಮ್! ಮ್ಮ್!" ಎಂದು ಕೈಯಾಡಿಸಿದಳು. ಕೊನೆಗೆ ಬಾಯಿಗೆ ಬೆರಳು ಹಾಕಿ, ಅಂಟಿಗೆ ಮೇಲಿನದೂ ಕೆಳಗಿನದೂ ಒಂದಕ್ಕೊಂದು ಕಚ್ಚಿಕೊಂಡಿದ್ದ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಇಡಿಯಾಗಿ ಹೊರಗೆಳೆದು ಅವರ ಮುಂದೆ ಹಿಡಿದಳು.

ಇಂಗಾ ನಗುತ್ತಾ ಕುಸಿದಳು. ಬೊಚ್ಚುಬಾಯಿ ತೆರೆದು ನಗುತ್ತಾ ಚಿಕ್ಕಮ್ಮ ಅಲ್ಲೇ ಅಕ್ಕನ ಸಮಾಧಿಯ ಕಲ್ಲಿಗೆ ಒರಗಿ ಕೂತಳು. ಆರ್ವಿಡ್ ಹೊಟ್ಟೆ ಹಿಡಿದುಕೊಂಡು ಅವಳ ಪಕ್ಕ ಉರುಳಿದ.

"ಅಮ್ಮಾ, ಎಲ್ಲಿದ್ದೀಯಾ?" ಗೇಟಿನಿಂದ ಚಿಕ್ಕಮ್ಮನ ಮಗಳು ಕೂಗಿದಳು.

ಗಾಳಿ ಬೀಸಿತು. ಹುಲ್ಲು ಒಮ್ಮೆ ಬಾಗಿ, ಅವರ ತಲೆಯ ಮೇಲೆ ಮತ್ತೆ ಎದ್ದು ಮುಚ್ಚಿಕೊಂಡಿತು.